ವಾಸನೆ ಇರದ ಗಾಳಿ

ಅಪ್ಪನ ಪಂಕ್ಚರ್ ಅಂಗಡಿ ಇರುವುದು ಹುಬ್ಬಳ್ಳಿಯ ಕಾರವಾರ ರಸ್ತೆಯಲ್ಲಿ. ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಬರುವ ಮೀನಿನ ಗಾಡಿಗಳು ಬೆಳಗಿನ ಜಾವ ಐಸಿನ ನೀರು ಸೋರಿಸುತ್ತ ಅಲ್ಲಿ ನಿಲ್ಲುತ್ತವೆ. ಡ್ರೈವರುಗಳು ಗಾಳಿ ಹಾಕಿಸಿಕೊಂಡು, ಪಕ್ಕದ ಗೂಡಂಗಡಿಯಲ್ಲಿ ಚಹಾ ಕುಡಿದು ಮಾರ್ಕೆಟ್ಟಿಗೆ ಹೋಗುತ್ತಾರೆ. ಚಿಕ್ಕಂದಿನಲ್ಲಿ ಸಮುದ್ರ ಅಂದರೆ ನನಗೆ ಗೊತ್ತಿದ್ದದ್ದು ಅಷ್ಟೇ, ಟಾಯರಿಗೆ ಹತ್ತಿಕೊಂಡು ಬಂದಷ್ಟು.

2013ರ ದೀಪಾವಳಿಗೆ ಊರಿಗೆ ಬಂದಿದ್ದೆ. ಅಂಗಡಿಯ ಕಂಪ್ರೆಸರಿಗೆ ಹಾಕಿದ ಚೆಂಡುಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಮೀನಿನ ಗಾಡಿಯೊಂದರಿಂದ ಇಳಿದ ಹುಡುಗನೊಬ್ಬ ಅಪ್ಪನ ಹತ್ತಿರ ಬಂದು, "ಹಳೇ ಕಂಪ್ರೆಸರ್ ಒಂದು ಉಂಟಂತೆ, ಕೊಡ್ತೀರಾ?" ಅಂದ. ಮೂಲೆಯಲ್ಲಿ ಹಳೆಯದೊಂದು ಬಿದ್ದಿದ್ದು ನಿಜ. ಅಪ್ಪನಿಗೆ ಖುಷಿ. "ಎಲ್ಲಿ ಅಂಗಡಿ ಹಾಕ್ತೀಪಾ?" ಅಂತ ಕೇಳಿದ. ಅಂಕೋಲಾ ಕಡೆ ಅಂದ ಹುಡುಗ. ರೇಟಿನ ಮಾತು ಮುಗಿಯುವ ಹೊತ್ತಿಗೆ ಪೈಪಿನ ಮಾತು ಬಂತು. ಐವತ್ತು ಮೀಟರ್ ಬೇಕಂತೆ.

"ಐವತ್ತು ಮೀಟರ? ಲಾರಿ ಅಲ್ಲೆ ಹೈವೇದಾಗ ನಿಂದ್ರಿಸಿ, ನೀ ಅಂಗಡ್ಯಾಗ ಕುಂತ ಗಾಳಿ ಹಾಕಾಂವ ಏನು?"

ಹುಡುಗ ನಗಲಿಲ್ಲ. "ಮತ್ತೆ, ಗಾಳಿಗೆ ವಾಸನೆ ಇರಬಾರದು," ಅಂದ.

ಅಪ್ಪನ ಕೈ ನಿಂತಿತು. "ಟಾಯರಿಗೆ ಮೂಗ ಎಲ್ಲೈತೋ ತಮ್ಮಾ?"

ಒಳಗೆ ಸ್ಟೂಲಿನ ಮೇಲೆ ಕೂತಿದ್ದ ನನಗೆ ಅವನು ಹೇಳುವ ಮೊದಲೇ ತಿಳಿದುಹೋಯಿತು. ಮೂರು ತಿಂಗಳ ಹಿಂದೆ ಆಗಿದ್ದರೆ ತಿಳಿಯುತ್ತಿರಲಿಲ್ಲ. ಆ ಮೂರು ತಿಂಗಳ ಹಿಂದಿನದನ್ನು ಮೊದಲು ಹೇಳಿಬಿಡುತ್ತೇನೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ ಒಂದು ವಿಭಾಗ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವಲ್ಲಿ ಇದೆ. ಕಡಲ ಜೀವಶಾಸ್ತ್ರದ್ದು. ನೀರು ಅಂದರೆ ಉಣಕಲ್ ಕೆರೆ ಅಂದುಕೊಂಡು ಬೆಳೆದ ನಾನು ಅಲ್ಲಿಗೆ ಎಂ.ಎಸ್ಸಿ.ಗೆ ಹೋದೆ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ನೀಲಿಕಲ್ಲು. ಕಲ್ಲಲ್ಲ, ಕಲ್ಲಿಗೆ ಕಚ್ಚಿಕೊಂಡು ಬದುಕುವ ಹಸಿರಂಚಿನ ಚಿಪ್ಪುಜೀವಿ. ಕೊಂಕಣಿಯಲ್ಲಿ ಶಿನಾಣಿ. ತೆರೆ ಬಂದು ಬಡಿಯುವ ಬಂಡೆಗಳೇ ಅದಕ್ಕೆ ಬೇಕು. ತಾನೇ ನೂತ ನಾರಿನಿಂದ ಬಂಡೆಗೆ ಹೊಲಿದುಕೊಂಡಂತೆ ಇರುತ್ತದೆ. ಚಿಪ್ಪು ಬಿಡಿಸಿದರೆ ಹೆಣ್ಣಿನದು ಕಿತ್ತಳೆಗೆಂಪು, ಗಂಡಿನದು ಕೆನೆಬಿಳಿ. ತಿಂಗಳಿಗೆ ಮೂವತ್ತು ನೀಲಿಕಲ್ಲು ಬಿಡಿಸಿ ನೋಡಿ, ಅವು ಯಾವ ತಿಂಗಳಲ್ಲಿ ಬೆದೆಗೆ ಬಂದು ಯಾವಾಗ ನೀರಿಗೆ ಬೀಜ ಬಿಡುತ್ತವೆ ಎಂದು ಪಟ್ಟಿ ಮಾಡುವುದು ನನ್ನ ಕೆಲಸ.

ತೊಡಕು ಅಲ್ಲೇ ಇತ್ತು. ಅವು ಬೀಜ ಬಿಡುವುದು ಮಳೆಗಾಲದಲ್ಲಿ. ಮನುಷ್ಯರು ಆ ಬಂಡೆಗಳ ಹತ್ತಿರ ಹೋಗಲಾಗದ್ದೂ ಮಳೆಗಾಲದಲ್ಲೇ. ನನ್ನ ಪಟ್ಟಿಗೆ ಯಾವ ತಿಂಗಳುಗಳು ಜೀವಾಳವೋ ಅವೇ ಖಾಲಿ. ಗೈಡ್ ಸರ್ ಜೂನ್‌ನಲ್ಲೇ ಹೇಳಿದ್ದರು, "ಸಿಗದ ತಿಂಗಳಿಗೆ ಒಂದು ಗೆರೆ ಎಳೆದುಬಿಡಮ್ಮ. ಗೆರೆಯೂ ಡೇಟಾನೇ." ಜೂನ್‌ಗೆ ಎಳೆದೆ, ಜುಲೈಗೂ ಎಳೆದೆ. ಆಗಸ್ಟ್‌ಗೆ ಎಳೆಯಲು ಮನಸ್ಸು ಬರಲಿಲ್ಲ.

ನನಗೆ ಮಾದರಿ ತೆಗೆದುಕೊಡುತ್ತಿದ್ದವರನ್ನು ಅಣ್ಣ ಅಂತಿದ್ದೆ, ಅವರ ಹೆಂಡತಿಯನ್ನು ವೈನಿ ಅಂತ. ವೈನಿ ಅನ್ನುವ ಮಾತು ಧಾರವಾಡದಲ್ಲೂ ಉಂಟು, ಕಾರವಾರದ ಕೊಂಕಣಿಯಲ್ಲೂ ಉಂಟು ಎಂದು ಗೊತ್ತಾದ ದಿನ ಆ ಮನೆಯಲ್ಲಿ ನನಗೆ ಒಂದು ತಟ್ಟೆ ಖಾಯಂ ಆಯಿತು. ಅಣ್ಣನಿಗೆ ನಲವತ್ತೈದರ ಆಸುಪಾಸು. ಮಳೆ ಮುಗಿದ ಮೇಲೆ ಮೇ ತನಕ ನೀಲಿಕಲ್ಲು, ಉಳಿದಂತೆ ಬಲೆ. ಸಾಮಾನೆಂದರೆ ಒಂದು ಪಾತಿ ದೋಣಿ, ಕಣ್ಣಿಗೆ ರಬ್ಬರಿನ ಮಾಸ್ಕ್, ತುದಿ ಚಪ್ಪಟೆ ಮಾಡಿದ ಕಬ್ಬಿಣದ ಸಲಾಕೆ, ಬೆರಳಿಗೆ ಸುತ್ತಿದ ಬಟ್ಟೆ, ಸೊಂಟಕ್ಕೆ ಬಲೆಯ ಚೀಲ. ಉಸಿರು ಕಟ್ಟಿ ಮುಳುಗುವುದು, ಸಲಾಕೆಯಿಂದ ಮೀಟುವುದು, ಚೀಲಕ್ಕೆ ತುಂಬುವುದು, ಮೇಲೆ ಬರುವುದು.

ಇಷ್ಟನ್ನು ನೋಡಿ ನಾನು ಅದನ್ನು ಬರೀ ಗಟ್ಟಿಗತನ ಅಂದುಕೊಂಡಿದ್ದೆ. ಒಂದು ಚಳಿಗಾಲ ಜೊತೆಗೆ ದೋಣಿಯಲ್ಲಿ ಕೂತ ಮೇಲೆ ಕಾಣತೊಡಗಿದ್ದು ಬೇರೆ. ಅಣ್ಣ ನೀರಿಗೆ ಇಳಿಯುವುದಕ್ಕಿಂತ ಇಳಿಯದೆ ಇರುವುದಕ್ಕೇ ಹೆಚ್ಚು ಕಟ್ಟಳೆ ಇಟ್ಟುಕೊಂಡಿದ್ದರು. ಬಂಡೆಯ ಹತ್ತಿರ ಹೋದ ಕೂಡಲೇ ಇಳಿಯುತ್ತಿರಲಿಲ್ಲ. ಒಂದು ಬೀಡಿ ಮುಗಿಯುವ ತನಕ ತೆರೆ ನೋಡುತ್ತಿದ್ದರು. ಸಣ್ಣ ತೆರೆಗಳ ನಡುವೆ ಎಷ್ಟು ಹೊತ್ತಿಗೊಮ್ಮೆ ದೊಡ್ಡದು ಬರುತ್ತದೆ ಎಂಬುದು ಆ ಬೀಡಿಯಲ್ಲಿ ಗೊತ್ತಾಗುತ್ತಿತ್ತು. ನೀಲಿಕಲ್ಲಿನ ಬಂಡೆಯಲ್ಲಿ ನೀರಿನ ಆಳಕ್ಕಿಂತ ಆ ತೆರೆ ದೊಡ್ಡ ಶತ್ರು: ಎತ್ತಿ ಚಿಪ್ಪಿನ ಮೇಲೆ ಒರೆಸಿಬಿಡುತ್ತದೆ, ಚಿಪ್ಪಿನ ಅಂಚು ಬ್ಲೇಡಿನ ಹಾಗೆ. ಚೀಲದ ಹಗ್ಗಕ್ಕೆ ಅವರು ಹಾಕುತ್ತಿದ್ದದ್ದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು. ಎರಡು ಮುಳುಗಿನ ನಡುವೆ ದೋಣಿ ಹಿಡಿದು ಕೊಂಕಣಿ ಹಾಡಿನ ಒಂದು ಸೊಲ್ಲು ಗುನುಗುತ್ತಿದ್ದರು. ಸೊಲ್ಲು ನಡುವೆ ಮುರಿಯದೆ ಮುಗಿದರೆ ಮತ್ತೆ ಮುಳುಗು, ಮುರಿದರೆ ಇನ್ನಷ್ಟು ಹೊತ್ತು ಸುಮ್ಮನೆ. ಅವರೂ ಅವರ ತಮ್ಮನೂ ಸರದಿಯ ಮೇಲೆ ಇಳಿಯುತ್ತಿದ್ದರು. ಮೇಲಿದ್ದವನು ಬೇರೇನೂ ಮಾಡುವಂತಿಲ್ಲ, ಮೀನಿಗೆ ಗಾಳ ಕೂಡ ಹಾಕುವಂತಿಲ್ಲ, ನೀರು ನೋಡುತ್ತಿರಬೇಕು. ದುಡ್ಡು ಸಮಪಾಲು.

ಕೊನೆಯ ಕಟ್ಟಳೆ ತೆಂಗಿನಕಾಯಿಯದು. ಶ್ರಾವಣದ ಹುಣ್ಣಿಮೆಗೆ, ನಾವು ನೂಲ ಹುಣ್ಣಿಮೆ ಅನ್ನುವ ದಿನ, ಕರಾವಳಿಯಲ್ಲಿ ನಾರಳಿ ಹುಣ್ಣಿಮೆ. ಕಡಲಿಗೆ ತೆಂಗಿನಕಾಯಿ ಬಿಟ್ಟು ಕೈಮುಗಿದ ಮೇಲೆಯೇ ಕೆಲಸ ಶುರು. ಯಂತ್ರದ ದೋಣಿಗಳಿಗೆ ಈಗ ಸರ್ಕಾರದ ನಿಷೇಧ ಇದೆ, 2015ರಿಂದ ಜೂನ್ 1ರಿಂದ ಜುಲೈ 31ರ ತನಕ, 61 ದಿನ. ಉಸಿರು ಕಟ್ಟಿ ಮುಳುಗುವವನಿಗೆ ಕಾಗದದ ನಿಷೇಧ ಯಾವುದೂ ಇಲ್ಲ. ಇರುವುದು ತೆಂಗಿನಕಾಯಿ ಒಂದೇ.

ಆ ವರ್ಷ ನಾರಳಿ ಹುಣ್ಣಿಮೆ ಆಗಸ್ಟ್ ಮೂರನೆಯ ವಾರದಲ್ಲಿ ಬಿದ್ದಿತ್ತು. ಅದಾದ ಮೇಲೆ ಮಾದರಿ ತೆಗೆದಿದ್ದರೂ ಆಗಸ್ಟ್‌ನ ಲೆಕ್ಕಕ್ಕೇ ಬರುತ್ತಿತ್ತು. ಆದರೆ ನನಗೆ ತಿಂಗಳ ನಡುವೆ ಬೇಕಿತ್ತು. ಹಿಂದಿನ ತಿಂಗಳುಗಳ ಮಾದರಿಗಳೆಲ್ಲ ಹದಿನೈದನೆಯ ತಾರೀಖಿನ ಹತ್ತಿರದವು, ಇದೊಂದು ಮುಂದೆ ಹೋದರೆ ಪಟ್ಟಿ ಡೊಂಕಾಗುತ್ತದೆ ಎಂಬ ಚಿಂತೆ. ನಾಲ್ಕು ದಿನ ಮಳೆ ಬಿಟ್ಟಿತ್ತು. ದಂಡೆಯಿಂದ ನೋಡಿದರೆ ಕಡಲು ಸುಮ್ಮನಿದ್ದ ಹಾಗೆ ಕಾಣುತ್ತಿತ್ತು. ಹೋಗಿ ಕೇಳಿದೆ. ಅಣ್ಣ, "ಹುಣ್ಣಿಮೆ ಆಗಲಿ ತಂಗಿ," ಅಂದರು. ತಮ್ಮನಂತೂ ಮಾತೇ ಆಡದೆ ಎದ್ದು ಹೋದ. ನಾನು ಎಂಟು ನೂರು ರೂಪಾಯಿ ಕೊಡುತ್ತೇನೆ ಅಂದೆ. ಎರಡು ತಿಂಗಳು ಬಲೆ ಒಣಗಿದ ಮನೆ ಅದು. ವೈನಿ ಒಳಗೆ ಅಕ್ಕಿ ಆರಿಸುತ್ತಿದ್ದರು. ಮೊರದ ಸದ್ದು ನಿಂತಿತು, ಮತ್ತೆ ಶುರುವಾಯಿತು. "ಮೂವತ್ತೇ ಅಲ್ವಾ," ಅಂದರು ಅಣ್ಣ.

ನಾವು ಹೋದದ್ದು ಹುಣ್ಣಿಮೆಗೆ ಆರು ದಿನ ಮೊದಲು, ನವಮಿಯ ದಿನ. ಈ ತಿಥಿಯ ಅರ್ಥ ನನ್ನ ಪುಸ್ತಕದಲ್ಲೇ ಇತ್ತು. ಹುಣ್ಣಿಮೆ ಅಮಾವಾಸ್ಯೆಗೆ ಭರತವೂ ದೊಡ್ಡದು, ಇಳಿತವೂ ದೊಡ್ಡದು. ನೀರು ಚೆನ್ನಾಗಿ ಹಿಂದೆ ಸರಿದು ಬಂಡೆ ಬಿಟ್ಟುಕೊಡುತ್ತದೆ. ಅಷ್ಟಮಿ ನವಮಿಯ ಹೊತ್ತಿಗೆ ಇಳಿತ ಸಪ್ಪೆ. ಚಳಿಗಾಲದ ಹುಣ್ಣಿಮೆಗೆ ಎದೆಮಟ್ಟದಲ್ಲಿ, ಹೆಚ್ಚೆಂದರೆ ಎರಡಾಳು ನೀರಿನಲ್ಲಿ ಸಿಗುವ ನೀಲಿಕಲ್ಲಿಗೆ ಅವತ್ತು ಐದಾರು ಮೀಟರ್ ಹೋಗಬೇಕಾಯಿತು. ತೆಂಗಿನಕಾಯಿ ಹುಣ್ಣಿಮೆಗೇ ಯಾಕೆ ಎಂದು ನಾನು ಪರೀಕ್ಷೆಯಲ್ಲಿ ಎರಡು ಪುಟ ಬರೆಯಬಲ್ಲವಳಾಗಿದ್ದೆ. ದೋಣಿ ಹತ್ತುವಾಗ ನೆನಪಾಗಲಿಲ್ಲ.

ತಮ್ಮ ಬಾರದ್ದರಿಂದ ಹುಟ್ಟು ಹಾಕಲು ಅವನ ಮಗ ಬಂದಿದ್ದ, ಹದಿನಾರು ವರ್ಷದ ಹುಡುಗ. ನನ್ನ ಕೈಯಲ್ಲಿ ಸ್ಟಾಪ್‌ವಾಚು, ನೋಟ್‌ಬುಕ್ಕು. ಒಂದೊಂದು ಮುಳುಗಿಗೆ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳುವುದು ನನ್ನ ರೂಢಿ. ನೀರು ಕದಡಿ ಕೆಂಪಾಗಿತ್ತು, ಕೆಳಗೆ ಕೈಯಿಂದ ತಡವಿ ಹುಡುಕಬೇಕು. ಮೊದಲ ಮುಳುಗು 34. ಬರಿಗೈ. ಆಮೇಲೆ 37, 41. ಚೀಲದಲ್ಲಿ ನಾಲ್ಕೈದು. ನೈರುತ್ಯದಲ್ಲಿ ಮೋಡ ಕಟ್ಟುತ್ತಿತ್ತು. ಅಣ್ಣ ಹಾಡು ಬಿಟ್ಟರು. ಅದರ ಬದಲು ದೋಣಿಯ ಅಂಚು ಹಿಡಿದು ಕುಲುಮೆಯ ತಿದಿ ಒತ್ತಿದ ಹಾಗೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟು ಮುಳುಗತೊಡಗಿದರು. 48. 55. 63. ನನಗೆ ಖುಷಿ. ಅಂಕಿ ಏರುತ್ತಿತ್ತು, ಚೀಲ ತುಂಬುತ್ತಿತ್ತು.

ಕೊನೆಯದು 72. ಅಣ್ಣ ಮೇಲೆ ಬಂದರು, ಮಾಸ್ಕ್ ಹಣೆಗೇರಿಸಿದರು, ಒಂದು ಉಸಿರು ಬಿಟ್ಟರು, ನನ್ನ ಕಡೆ ನೋಡಿ ನಕ್ಕರು ಅಂತ ಕೂಡ ನೆನಪು. ನಾನು ತಲೆ ತಗ್ಗಿಸಿ 72 ಎಂದು ಬರೆದೆ. ಹುಡುಗ ಚೀರಿದ. ತಲೆ ಎತ್ತಿದರೆ ಅಣ್ಣನ ಗದ್ದ ನೀರಿಗೆ ಇಳಿದಿತ್ತು. ಕಣ್ಣು ತೆರೆದೇ ಇತ್ತು. ಒದ್ದಾಟ ಇಲ್ಲ, ಕೂಗಿಲ್ಲ. ಒದ್ದೆ ಬಟ್ಟೆ ಬಕೆಟ್ಟಿಗೆ ಇಳಿದ ಹಾಗೆ ಇಳಿಯುತ್ತಿದ್ದರು, ಸೊಂಟದ ಚೀಲ ಕೆಳಗೆ ಜಗ್ಗುತ್ತಿತ್ತು. ಹುಡುಗ ಹಾರಿದವನು ಮೊದಲು ಹಿಡಿದದ್ದು ಅಣ್ಣನನ್ನಲ್ಲ, ಆ ಗಂಟಿನ ತುದಿಯನ್ನು. ಎಳೆದ. ಚೀಲ ಹೋಯಿತು. ಆಮೇಲೆ ಜುಟ್ಟು ಹಿಡಿದು ಮುಖ ಮೇಲೆತ್ತಿದ, ಕೆನ್ನೆಗೆ ಹೊಡೆದ. ಏಳೆಂಟು ಸೆಕೆಂಡು ಇರಬಹುದು. ಆ ಒಂದನ್ನು ನಾನು ಅಳೆಯಲಿಲ್ಲ.

ಅಣ್ಣ ಕೆಮ್ಮಿ, ನೀರು ಕಾರಿ, ಕಣ್ಣು ಹೊರಳಿಸಿ ನೋಡಿದರು. ಮೊದಲ ಮಾತು, "ಚೀಲ?" ಎರಡನೆಯದು, ನನ್ನ ಕಡೆ, "ಮೂವತ್ತು ಆಗಿತ್ತು ತಂಗಿ."

ಅವರು ಕೊಟ್ಟ ಕಾರಣ ಬಿಸಿಲು. ಬಿಸಿಲೇ ಇರಲಿಲ್ಲ. ಆಸ್ಪತ್ರೆಗೆ ಬರಲು ಒಪ್ಪಲಿಲ್ಲ, ನಾನು ಜೋರು ಮಾಡಲಿಲ್ಲ. ನೀರಿನಲ್ಲಿ ಎಚ್ಚರ ತಪ್ಪಿದವರು ಎದ್ದು ಕೂತು ಮಾತಾಡಿದರೂ ವೈದ್ಯರಿಗೆ ತೋರಿಸಲೇಬೇಕು, ಶ್ವಾಸಕೋಶಕ್ಕೆ ಹೋದ ನೀರು ಗಂಟೆಗಳ ಮೇಲೆ ಕಾಡಬಹುದು ಎಂದು ಓದಿಕೊಂಡದ್ದು ಆಮೇಲೆ. ಎಂಟು ನೂರು ಕೊಟ್ಟೆ. ಅಣ್ಣ ನಾಲ್ಕು ನೂರನ್ನು ಹುಡುಗನ ಕೈಗಿಟ್ಟರು. ವೈನಿ ಬೈಯಲಿಲ್ಲ. "ಕಾಯಿ ತಂದಿಟ್ಟಿದ್ದೆ. ಇನ್ನೂ ಅಲ್ಲೇ ಉಂಟು," ಅಂದರು, ದೇವರ ಮೂಲೆ ತೋರಿಸಿ.

ಆ ರಾತ್ರಿ ಹಾಸ್ಟೆಲಿನಲ್ಲಿ ಅಂಕಿಗಳನ್ನು ನೋಡುತ್ತ ಕೂತೆ. ನಮಗೆ ಉಸಿರಾಡಬೇಕು ಅನ್ನಿಸುವುದು ಆಮ್ಲಜನಕ ಕಡಿಮೆಯಾದಾಗ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಹಾಗಲ್ಲ. ಎದೆ ಒದ್ದಾಡುವುದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದಾಗ. ತಿದಿ ಒತ್ತಿದ ಹಾಗೆ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಆದರೆ ಡೈಆಕ್ಸೈಡ್ ತೊಳೆದುಹೋಗುತ್ತದೆ. ಅಂದರೆ ಸಾಕು, ಮೇಲೆ ಹೋಗು ಎಂದು ಕೂಗುವ ಕಾವಲುಗಾರನನ್ನು ಮಲಗಿಸಿದ ಹಾಗೆ. ಕೆಳಗೆ ನೀರಿನ ಒತ್ತಡದಲ್ಲಿ ಇದ್ದಷ್ಟು ಆಮ್ಲಜನಕವೇ ಹೇಗೋ ಮಿದುಳಿಗೆ ಸಾಕಾಗುತ್ತಿರುತ್ತದೆ. ಮೇಲೇರುತ್ತ ಒತ್ತಡ ಇಳಿದ ಹಾಗೆ ಅದೂ ಸಾಲದಾಗುತ್ತದೆ. ದೀಪ ಆರುವುದು ದಡ ಮುಟ್ಟುವಾಗ, ಕೊನೆಯ ಒಂದೆರಡು ಮೀಟರಿನಲ್ಲಿ, ಇಲ್ಲವೆ ತಲೆ ಮೇಲೆ ಬಂದು ಒಂದೆರಡು ಉಸಿರಾದ ಮೇಲೆ. ಈಜುಕೊಳದ ಗಟ್ಟಿ ಈಜುಗಾರರೂ ಹೀಗೇ ಸಾಯುತ್ತಾರೆ. ಶಾಲೋ ವಾಟರ್ ಬ್ಲ್ಯಾಕೌಟ್ ಅಂತ ಹೆಸರು. ಅಣ್ಣನ ಹಾಡಿನ ಸೊಲ್ಲು ಇಷ್ಟನ್ನೂ ಕಾಯುತ್ತಿತ್ತು. ಹಾಡುತ್ತ ತಿದಿ ಒತ್ತಲಾಗುವುದಿಲ್ಲ, ದಣಿವಾರದೆ ಹಾಡು ಮುಗಿಯುವುದಿಲ್ಲ. 34ರಿಂದ 72ಕ್ಕೆ ಏರಿದ ನನ್ನ ಅಂಕಿಗಳು ಹಾಡು ನಿಂತದ್ದರ ದಾಖಲೆ.

ಈಗ ಅಂಗಡಿಗೆ ವಾಪಸ್ ಬರುತ್ತೇನೆ. ಅಂಕೋಲಾ ಕಡೆಯ ಆ ಹುಡುಗ ಕೆಲವು ವರ್ಷ ತೂತ್ತುಕುಡಿಯ ದೋಣಿಗಳಲ್ಲಿ ದುಡಿದು ಬಂದವನು. ಅಲ್ಲಿ ಶಂಖ ತೆಗೆಯುವವರು ಕಂಪ್ರೆಸರಿನ ಪೈಪು ಬಾಯಲ್ಲಿ ಕಚ್ಚಿಕೊಂಡು ಇಳಿಯುವುದನ್ನು ನೋಡಿದ್ದ. ಒಂದು ನಿಮಿಷದ ಕೆಲಸ ಒಂದು ಗಂಟೆ ಮಾಡಬಹುದು, ಇಲ್ಲಿ ನೀಲಿಕಲ್ಲಿಗೆ ಯಾಕಾಗಬಾರದು ಅನ್ನುವುದು ಅವನ ಲೆಕ್ಕ. ಲೆಕ್ಕ ದಡ್ಡತನದ್ದಾಗಿರಲಿಲ್ಲ. ನಾನು ಕಂಡ ಏಳೆಂಟು ಸೆಕೆಂಡನ್ನು ಅವನೂ ಎಲ್ಲಾದರೂ ಕಂಡಿರಬೇಕು. ಉಸಿರು ಕಟ್ಟುವ ಕಷ್ಟಕ್ಕೆ ಪರಿಹಾರ ಹುಡುಕಿಕೊಂಡೇ ಬಂದಿದ್ದ.

ಅಪ್ಪ ಮಾತಾಡದೆ ಕಂಪ್ರೆಸರಿನ ಟ್ಯಾಂಕಿನ ಬುಡದ ಕಾಕು ತಿರುವಿದ. ಹಾಲು ಹೆಚ್ಚಾದ ಚಹಾದಂಥ ನೀರು, ಮೇಲೆ ಎಣ್ಣೆಯ ತೆಳು ಪದರ. "ದಿನಾ ಮುಂಜಾನೆ ಇಷ್ಟ ಬರ್ತೈತಿ. ಟಾಯರ್ ಕುಡಿತೈತಿ, ಸುಮ್ಮನಿರ್ತೈತಿ. ನೀ ಕುಡಿತಿಯೇನು?" ಹುಡುಗ ಫಿಲ್ಟರ್ ಹಾಕಿಸುತ್ತೇನೆ ಅಂದ. ನಾನು ಹೊರಗೆ ಬಂದೆ. ಎಂಜಿನ್ನಿನ ಹೊಗೆ ಗಾಳಿ ಎಳೆದುಕೊಳ್ಳುವ ಬಾಯಿಗೆ ತಿರುಗಿದರೆ ಏನು ಮಾಡುತ್ತೀ ಎಂದು ಕೇಳಿದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಬಿಗಿಯಾಗಿ ಅಂಟುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅವನು ಬೇಡ ಅಂದ ವಾಸನೆ ಎಣ್ಣೆಯದು. ಕೊಲ್ಲುವುದು ವಾಸನೆ ಇರದ್ದು.

ಅವನಿಗೆ ನಿಜವಾಗಿ ಹೇಳಬೇಕಾಗಿದ್ದದ್ದು ಇನ್ನೊಂದಿತ್ತು, ಅದನ್ನು ಅಷ್ಟು ಸ್ಪಷ್ಟವಾಗಿ ಹೇಳಿದೆನೋ ಇಲ್ಲವೋ. ಉಸಿರು ಕಟ್ಟಿ ಮುಳುಗುವವನ ಇಡೀ ಜನ್ಮದ ವಿದ್ಯೆ ಮೇಲೆ ಬರುವ ತನಕ ಉಸಿರು ಬಿಡದೆ ಇರುವುದು. ಪೈಪು ಕಚ್ಚಿದವನಿಗೆ ಅದೇ ವಿದ್ಯೆ ವಿಷ. ಕೆಳಗೆ ಒತ್ತಡದಲ್ಲಿ ಎಳೆದುಕೊಂಡ ಗಾಳಿ ಮೇಲೇರುತ್ತ ಹಿಗ್ಗುತ್ತದೆ. ಹತ್ತು ಮೀಟರ್ ಕೆಳಗೆ ತುಂಬಿಕೊಂಡ ಎದೆ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಲು ನೋಡುತ್ತದೆ. ಬಾಯಿ ಬಿಗಿಹಿಡಿದರೆ ಶ್ವಾಸಕೋಶ ಹರಿಯುತ್ತದೆ, ಕೆಲವೇ ಮೀಟರಿನಿಂದ ಎದ್ದರೂ ಸಾಕು. ಗಾಳಿ ಜಾಸ್ತಿಯಾದ ಟ್ಯೂಬು ಏನಾಗುತ್ತದೆ ಎಂದು ಪಂಕ್ಚರ್ ಅಂಗಡಿಯಲ್ಲಿ ನಿಂತು ವಿವರಿಸಬೇಕಾಗಿಲ್ಲ. ಪೈಪು ಮಡಚಿದಾಗ, ಪೆಟ್ರೋಲು ತೀರಿ ಎಂಜಿನ್ ನಿಂತಾಗ, ಗಾಬರಿಯಲ್ಲಿ ಅವನು ಮಾಡುವುದು ಬಾಯಿ ಬಿಗಿಹಿಡಿದು ಮೇಲೆ ಹಾರುವುದನ್ನೇ. ಅಪ್ಪ ಕಲಿಸಿದ್ದು, ಅಜ್ಜ ಕಲಿಸಿದ್ದು ಅದೇ.

ಇನ್ನು ಗಂಟೆಗಟ್ಟಲೆ ಕೆಳಗಿರುವವರ ಕಾಯಿಲೆ. ನಮ್ಮ ಗೋಲಿಸೋಡಾ ಒತ್ತಿ ತೆಗೆದಾಗ ನೊರೆ ಉಕ್ಕುತ್ತದಲ್ಲ, ಒತ್ತಡದಲ್ಲಿ ರಕ್ತಕ್ಕೆ ಕರಗಿದ ಸಾರಜನಕ ಗಕ್ಕನೆ ಮೇಲೆ ಬಂದರೆ ಹಾಗೇ ಗುಳ್ಳೆಗಟ್ಟುತ್ತದೆ. ಕೀಲು ಹಿಡಿಯುತ್ತದೆ, ಬೆನ್ನುಹುರಿಗೆ ಸಿಕ್ಕರೆ ಕಾಲು ಹೋಗುತ್ತದೆ. ಹಂತ ಹಂತವಾಗಿ ತಡೆದು ಏರಬೇಕೆಂದು ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ ಪಟ್ಟಿ ಪ್ರಕಟಿಸಿದ್ದು 1908ರಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಅಡಿಪಾಯದ ಒತ್ತಡದ ಕೋಣೆಗಳಲ್ಲಿ ಈ ಕಾಯಿಲೆಗೆ ಸಿಕ್ಕವರಲ್ಲಿ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಒಬ್ಬ. ಉಳಿದ ಕೆಲಸವನ್ನು ಮನೆಯಿಂದಲೇ, ಹೆಂಡತಿ ಎಮಿಲಿಯ ಮೂಲಕ ನಡೆಸಬೇಕಾಯಿತು. ನೀಲಿಕಲ್ಲಿನ ಐದಾರು ಮೀಟರಿಗೆ ಇದರ ಭಯ ಅಷ್ಟಿಲ್ಲ, ನಿಜ. ಆದರೆ ಐವತ್ತು ಮೀಟರ್ ಪೈಪು ಕೊಂಡವನು ಐದಾರು ಮೀಟರಿಗೆ ನಿಲ್ಲುತ್ತಾನೆಯೇ?

"ನೀವು ಕೊಡದಿದ್ರೆ ಗೋಕುಲ ರೋಡಲ್ಲಿ ಸಿಗ್ತದೆ," ಅಂದ ಹುಡುಗ. ಸಿಗುತ್ತದೆ. ಅಪ್ಪನಿಗೂ ಗೊತ್ತು. "ಸಿಗಲಿ. ನನ್ನ ಕೈಲೆ ಬ್ಯಾಡ," ಅಂದ. ಅವನು ಚಹಾ ಕುಡಿದು ಅದೇ ಗಾಡಿ ಹತ್ತಿ ಹೋದ. ಆಮೇಲೆ ನಾವು ಅವನನ್ನು ನೋಡಲಿಲ್ಲ.

ಅಪ್ಪನಿಗೆ ಆಗಸ್ಟಿನ ಕಥೆ ಹೇಳಿದ್ದು ಆವತ್ತೇ. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ. "ಅಂವಾ ಮುಳುಗಾಕತ್ತಾಗ ನೀ ಏನ ಮಾಡಾಕತ್ತಿದ್ದಿ?"

"ಬರಿಯಾಕತ್ತಿದ್ದೆ."

"ಹಂ," ಅಂದ.

ನಂತರದ ವರ್ಷಗಳಲ್ಲಿ ಎಲ್ಲೆಲ್ಲಿ ಚಿಪ್ಪಿಗೆ ಮುಳುಗುತ್ತಾರೋ ಅಲ್ಲೆಲ್ಲ ನಾನು ಹುಡುಕಿಕೊಂಡು ಓದಿದ್ದು ಕೆಳಗೆ ಇಳಿಯುವವರ ಬಗ್ಗೆ ಅಲ್ಲ, ಮೇಲೆ ಕೂತವರ ಬಗ್ಗೆ. ಮನ್ನಾರ್ ಕೊಲ್ಲಿಯ ಹಳೆಯ ಮುತ್ತಿನ ಸುಗ್ಗಿಯಲ್ಲಿ ಮುಳುಗುವವನ ಹಗ್ಗ ಹಿಡಿಯಲೆಂದೇ ಒಬ್ಬ ಇರುತ್ತಿದ್ದ, ಸಿಪ್ಪಿಯಲ್ಲಿ ಅವನಿಗೂ ಪಾಲು. ಜಪಾನಿನ ಆಮಾ ಹೆಂಗಸರಲ್ಲಿ ದೋಣಿಯಿಂ ದ ಇಳಿಯುವವರಿಗೆ ಹಗ್ಗ ಹಿಡಿದು ಮೇಲೆಳೆಯುವವನು ಹೆಚ್ಚಾಗಿ ಗಂಡನೇ. ಕೊರಿಯಾದ ಜೇಜು ದ್ವೀಪದ ಹೆನ್ಯೊ ಅಜ್ಜಿಯರನ್ನು ಯುನೆಸ್ಕೊ 2016ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಗುಂಪಾಗಿ ಇಳಿಯುತ್ತಾರೆ. ಮೇಲೆ ಬಂದಾಗ ಹಕ್ಕಿ ಸಿಳ್ಳೆಯಂಥ ಸದ್ದಿನಲ್ಲಿ ಉಸಿರು ಬಿಡುತ್ತಾರೆ. ನನಗೆ ಅದು ಅಣ್ಣನ ಹಾಡಿನ ಸೊಲ್ಲಿನ ದೂರದ ನೆಂಟ ಅನ್ನಿಸಿತು: ಕೇಳಿದರೆ ಇದ್ದಾಳೆ, ಕೇಳದಿದ್ದರೆ ನೋಡಬೇಕು. ಹೊಸ ಕಾಲ ಶುರುವಾಗುವ ಮುನ್ನ ಕಡಲ ದೇವತೆಗೆ ಅವರದೂ ಒಂದು ಪೂಜೆ ಇದೆ.

ಅಘನಾಶಿನಿಯ ಅಳಿವೆಯದು ಬೇರೆ ಬಗೆ. ಕುಮಟಾದ ಹತ್ತಿರ ಇಳಿತದ ಹೊತ್ತಿಗೆ ಹೆಂಗಸರು ಮಂಡಿನೀರಿನಲ್ಲಿ ಕಾಲಿನಿಂದಲೇ ತಡವಿ ಬಳಚು ಆರಿಸುತ್ತಾರೆ, ಗಂಡಸರು ದೋಣಿಯಲ್ಲಿ ಹೋಗಿ ಕುತ್ತಿಗೆಮಟ್ಟದ ನೀರಿನಲ್ಲಿ ಮುಳುಗಿ ತೆಗೆಯುತ್ತಾರೆ. ಎರಡು ಸಾವಿರಕ್ಕೂ ಹೆಚ್ಚು ಜನರ ಅನ್ನ ಈ ಚಿಪ್ಪಿನಲ್ಲಿತ್ತು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಲೆಕ್ಕ ಹಾಕಿದ್ದರು. ನಾನು ಹೋದಾಗ ಅಲ್ಲಿಯ ಹೆಂಗಸೊಬ್ಬರು ಹೇಳಿದ ಭಯ ಮರಳು ತೆಗೆದ ಗುಂಡಿಯದು. ನಿನ್ನೆ ಮಂಡಿಮಟ್ಟ ಇದ್ದಲ್ಲಿ ಇಂದು ಕಾಲು ನಿಲುಕುವುದಿಲ್ಲ. ಆ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣವಾಯಿತು, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಜೊತೆಗೆ. ಹಕ್ಕಿಗಳಿಗೆ ಒಳ್ಳೆಯದಾಗಲಿ. ಬಳಚು ಆರಿಸುವವರಿಗೂ.

ನೀಲಿಕಲ್ಲನ್ನು ಹಗ್ಗಕ್ಕೆ ಕಟ್ಟಿ ಬೆಳೆಸಬಹುದಲ್ಲ ಎಂದು ಕೇಳುವವರಿದ್ದಾರೆ. ಹೌದು, ಕಾಸರಗೋಡು ಜಿಲ್ಲೆಯ ಪಡನ್ನದಲ್ಲಿ ಹೆಂಗಸರ ಸಂಘಗಳು ಹಿನ್ನೀರಿನಲ್ಲಿ ಬೆಳೆಸಿ ಗೆದ್ದಿವೆ, ಮುಳುಗುವ ಕೆಲಸವೇ ಇಲ್ಲ. ಆದರೆ ಹಗ್ಗಕ್ಕೆ ಕಟ್ಟುವ ಮರಿ ಎಲ್ಲಿಂದ? ಹೆಚ್ಚಾಗಿ ಕಡಲ ಬಂಡೆಯಿಂದಲೇ. ಅದನ್ನು ಕೆರೆದು ತರುವವನು ಮತ್ತೆ ಅದೇ ಸಲಾಕೆಯವನು. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದಲ್ಲಿ ಮೀನು ನೋಡಲು ಇಳಿಯುವ ಪ್ರವಾಸಿಗರು ಆರೋಗ್ಯದ ಫಾರಂ ತುಂಬಿ ಸಹಿ ಹಾಕುತ್ತಾರೆ, ಕೈ ಹಿಡಿಯಲು ತರಬೇತಾದವನೊಬ್ಬ ಪಕ್ಕದಲ್ಲೇ ಇರುತ್ತಾನೆ. ಅದೇ ಕಡಲಿಗೆ ಹೊಟ್ಟೆಪಾಡಿಗೆ ಇಳಿಯುವವನಿಗೆ ಯಾರೂ ಯಾವ ಫಾರಂ ಕೊಟ್ಟದ್ದನ್ನು ನಾನು ನೋಡಿಲ್ಲ. ಕೊಡಲಿ ಅಂತಲೂ ನಾನು ಹೇಳುತ್ತಿಲ್ಲ; ಫಾರಂ ತುಂಬಿಸಿಕೊಂಡೂ ನಾನು ಅವತ್ತು ಅಣ್ಣನನ್ನು ಇಳಿಸುತ್ತಿದ್ದೆ. ಬೇಕಿದ್ದದ್ದು ತಮ್ಮನ ಅರ್ಧ ಕೂಲಿ. ನೋಡುತ್ತ ಕೂರುವವನ ಕೂಲಿಯನ್ನು ಬುಟ್ಟಿಯ ರೇಟಿನಲ್ಲಿ ಸೇರಿಸಿ ಕೊಡುವ ವ್ಯಾಪಾರಿಯನ್ನು ನಾನು ಕಂಡಿಲ್ಲ. ನಾನೂ ಎಂಟು ನೂರು ಅಂದದ್ದು ಮುಳುಗಿಗೆ.

ಪ್ರಾಜೆಕ್ಟಿನಲ್ಲಿ ಆಗಸ್ಟ್ ಸಾಲಿನಲ್ಲಿ ಮೂವತ್ತು ಎಂದೇ ಇದೆ. ಸುಳ್ಳಲ್ಲ. ಚೀಲ ಹೋದ ಮೇಲೆ, ಕಾಯಿ ಬಿಟ್ಟ ನಾಲ್ಕನೆಯ ದಿನ, ಅಣ್ಣ ತಮ್ಮ ಇಬ್ಬರೂ ಹೋಗಿ ತಂದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ಇಪ್ಪತ್ತೊಂಬತ್ತು ಸಾಕಿತ್ತು ನೋಡು, ಒಂದು ವೈನಿಗೆ ಇಟ್ಟುಕೊಳ್ಳಬಹುದಿತ್ತು ಎಂದು ತಮ್ಮ ನಕ್ಕ. ತಾರೀಖು ಡೊಂಕಾದದ್ದನ್ನು ಗೈಡ್ ಸರ್ ಗಮನಿಸಿದರು, ಏನೂ ಅನ್ನಲಿಲ್ಲ.

ಅಪ್ಪ "ಹಂ" ಅಂದ ಮೇಲೆ ಎದ್ದು ಹೋಗಿ ಮೊಳೆಗೆ ನೇತುಹಾಕಿದ್ದ ಎರಡು ಲಾರಿ ಟ್ಯೂಬು ಇಳಿಸಿದ್ದ. ಚೀಲ ಸೊಂಟಕ್ಕೆ ಕಟ್ಟಬಾರದು, ಇದಕ್ಕೆ ಕಟ್ಟಿ ನೀರಿನ ಮೇಲೆ ಬಿಡಬೇಕು, ದಣಿದಾಗ ಇದರ ಮೇಲೆ ಮೈ ಚೆಲ್ಲಬಹುದು ಎಂಬುದು ಸಮುದ್ರ ಕಾಣದ ಅವನಿಗೆ ಹೊಳೆದಿತ್ತು. ಅಂದಿನಿಂದ ವರ್ಷಕ್ಕೆ ಎರಡೋ ಮೂರೋ ಟ್ಯೂಬು ಮೀನಿನ ಗಾಡಿಯ ವಾಪಸ್ ಟ್ರಿಪ್ಪಿನಲ್ಲಿ ಕಾರವಾರಕ್ಕೆ ಹೋಗುತ್ತವೆ. ಈಗೀಗ ಲಾರಿಗಳೂ ಟ್ಯೂಬ್‌ಲೆಸ್ ಆಗುತ್ತಿವೆ, ಒಳ್ಳೆಯ ಟ್ಯೂಬು ಸಿಗುವುದು ಕಷ್ಟ. ಅಣ್ಣ ಮುಳುಗುವುದು ಬಿಟ್ಟು ಮೇಲೆ ಕೂರುತ್ತಾರೆ. ಇಳಿಯುವವನು ಆವತ್ತಿನ ಹುಡುಗ.

ಮೊನ್ನೆ ನೂಲ ಹುಣ್ಣಿಮೆಗೆ ವಾರ ಇರುವಾಗ ಅಂಗಡಿಗೆ ಹೋದೆ. ಅಪ್ಪ ಒಂದು ಟ್ಯೂಬು ಉಜ್ಜಿ, ಸೊಲ್ಯೂಶನ್ ಹಚ್ಚಿ, ಪ್ಯಾಚು ಕೂರಿಸಿ, ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಅದುಮಿ ಹಿಡಿದಿದ್ದ. ಕೆಲಸ ಕಲಿಯುವ ಹುಡುಗ, "ಬಿಡ್ರಿ ಕಾಕಾ, ಗುಳ್ಳಿ ಬರಾಕತ್ತಿಲ್ಲ," ಅಂದ. ಗಾಡಿಯ ಟ್ಯೂಬಾದರೆ ಅಪ್ಪ ಅಷ್ಟಕ್ಕೇ ಎತ್ತುತ್ತಿದ್ದ.

"ನಿಂದ್ರು. ಇದರ ಮ್ಯಾಲೆ ಮನಿಶಾ ಇರ್ತಾನ," ಅಂದು ಒಂದು ಕಲ್ಲು ಹೇರಿ, ರಾತ್ರಿಯಿಡೀ ತೊಟ್ಟಿಯಲ್ಲೇ ಇರಲಿ ಎಂದು ಶಟರ್ ಎಳೆದ.